ನಲ್ಲಿ ನೀರಲ್ಲಿ ಪೆಟ್ರೋಲ್ ಸೇರಿದ್ಯಾ? ದಾವಣಗೆರೆಯಲ್ಲಿದ್ದುಕೊಂಡು ಬೆಂಜೀನ್ ಟೆಸ್ಟ್ ಮಾಡಿಸೋ ಬಗೆ

ಹೋದ ವರ್ಷ ಮಳೆಗಾಲ ಶುರುವಾದ ಹೊಸದರಲ್ಲಿ ಒಂದಿನ ಬೆಳಿಗ್ಗೆ ಅಕ್ಕ ಫೋನ್ ಮಾಡಿದ್ಲು. "ತಮ್ಮಾ, ನಾಕು ದಿನ ಆದ್ಮೇಲೆ ಇವತ್ತು ನೀರು ಬಿಟ್ಟಾರೆ, ಕೊಡ ಹಿಡಿದ್ರೆ ಪೆಟ್ರೋಲ್ ಬಂಕಿನ ಮುಂದೆ ನಿಂತಂಗೆ ವಾಸ್ನೆ ಹೊಡಿತೈತಿ, ಒಂದ್ಸಲ ಬಂದು ನೋಡೋ." ಅವಳ ಮನೆ ಹಳೇ ಪಿ.ಬಿ. ರೋಡಿಗೆ ಹತ್ತಿಕೊಂಡಿರೋ ಒಂದು ಓಣಿಯಲ್ಲಿ. ನಾನು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಲ್ಲಿ ಕೆಲಸ ಮಾಡೋನು, ಹಂಗಾಗಿ ಮನೆಮಂದಿಯ ನೀರಿನ ತಕರಾರೆಲ್ಲ ನನ್ನ ಹತ್ರಾನೇ ಬರುತ್ತೆ. ನಾನು ಹೋಗೋ ಹೊತ್ತಿಗೆ ಭಾವ ಆಗ್ಲೇ ಒಂದು ಹಳೇ ಜ್ಯೂಸ್ ಬಾಟ್ಲಿ ತೊಳೆದು ಅದರಲ್ಲಿ ಅರ್ಧದಷ್ಟು ನೀರು ಹಿಡಿದು ಒಂದು ಲ್ಯಾಬಿಗೆ ಕೊಟ್ಟು ಬಂದಿದ್ರು. ಮೂರು ದಿನಕ್ಕೆ ರಿಪೋರ್ಟ್ ಬಂತು. ಪಿಎಚ್ ಸರಿ, ಟಿಡಿಎಸ್ ಸರಿ, ಗಡಸುತನ ಸರಿ, ಫ್ಲೋರೈಡ್ ಸರಿ, ಕೆಳಗೆ ಸೀಲು ಹೊಡೆದು "ಕುಡಿಯಲು ಯೋಗ್ಯ" ಅಂತ ಬರೆದಿತ್ತು. ನೀರಿನ ವಾಸನೆ ಮಾತ್ರ ಹಂಗೇ ಇತ್ತು.

ಆ ರಿಪೋರ್ಟ್ ಸುಳ್ಳಲ್ಲ ಕಣ್ರಿ. ನೀರಲ್ಲಿ ಪೆಟ್ರೋಲ್ ಇದ್ಯಾ ಅಂತ ಆ ಲ್ಯಾಬಿನವರನ್ನ ಯಾರೂ ಕೇಳಿರ್ಲಿಲ್ಲ, ಕೇಳದೇ ಇರೋದನ್ನ ಅವರು ನೋಡಲ್ಲ. ಕೇಳಿದ್ರೂ ಆ ಬಾಟ್ಲಿಯಿಂದ ಉತ್ತರ ಸಿಗ್ತಿರ್ಲಿಲ್ಲ, ಯಾಕಂದ್ರೆ ಅರ್ಧ ಗಾಳಿ ಇರೋ ಪ್ಲಾಸ್ಟಿಕ್ ಬಾಟ್ಲಿಯಲ್ಲಿ ಈ ವಸ್ತು ನೀರಲ್ಲಿ ನಿಲ್ಲೋದೇ ಇಲ್ಲ. ನಮ್ಮ ಕಡೆ ಜನ ಮೋಸ ಹೋಗ್ತಿರೋದು ಈ ಎರಡು ಜಾಗದಲ್ಲೇ, ಟೆಸ್ಟಿನ ಹೆಸರು ಗೊತ್ತಿಲ್ಲ, ಸ್ಯಾಂಪಲ್ ಹಿಡಿಯೋ ರೀತಿ ಗೊತ್ತಿಲ್ಲ. ಅದಕ್ಕೇ ಇದನ್ನ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಪೂರ್ತಿ ಓದ್ರಿ.

ಮೊದ್ಲು ನಾವು ಹುಡುಕ್ತಿರೋದು ಏನು ಅಂತ. ಪೆಟ್ರೋಲಲ್ಲಿ ನೂರಾರು ವಸ್ತು ಸೇರಿರ್ತವೆ, ಅದ್ರಲ್ಲಿ ನೀರಿಗೆ ಸುಲಭವಾಗಿ ಇಳಿಯೋವ್ರಲ್ಲಿ ಮುಖ್ಯವಾದವು ನಾಲ್ಕು: ಬೆಂಜೀನ್, ಟಾಲ್ವೀನ್, ಈಥೈಲ್ ಬೆಂಜೀನ್, ಕ್ಸೈಲೀನ್. ಲ್ಯಾಬಿನವರು ನಾಲ್ಕನ್ನೂ ಸೇರಿಸಿ ಬಿಟೆಕ್ಸ್ ಅಂತಾರೆ. ಇವುಗಳಲ್ಲಿ ಬೆಂಜೀನ್ ದೊಡ್ಡ ಪಿಡುಗು, ರಕ್ತದ ಕ್ಯಾನ್ಸರ್ ತರೋ ವಸ್ತು ಅಂತ ಸಾಬೀತಾಗಿರೋದು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯೋ ನೀರಲ್ಲಿ ಬೆಂಜೀನಿಗೆ ಇಟ್ಟಿರೋ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಮೆರಿಕದಲ್ಲಿ 5. ಮೈಕ್ರೋಗ್ರಾಂ ಅಂದ್ರೆ ಒಂದು ಗ್ರಾಮನ್ನ ಹತ್ತು ಲಕ್ಷ ಪಾಲು ಮಾಡಿದ್ರೆ ಅದರಲ್ಲಿ ಒಂದು ಪಾಲು. ಬಿಎಸ್ 6 ಪೆಟ್ರೋಲಲ್ಲಿ ಬೆಂಜೀನ್ ಶೇ. 1ರವರೆಗೆ ಇರಬಹುದು, ಆ ಲೆಕ್ಕಕ್ಕೆ ಒಂದು ಲೀಟರ್ ಪೆಟ್ರೋಲಲ್ಲಿ ಹೆಚ್ಚುಕಮ್ಮಿ 8.8 ಗ್ರಾಂ ಬೆಂಜೀನ್ ಇರುತ್ತೆ, ಅಷ್ಟು ಪೂರ್ತಿ ನೀರಿಗೆ ಸೇರಿದ್ರೆ 8 ಲಕ್ಷ 80 ಸಾವಿರ ಲೀಟರ್ ನೀರನ್ನ ಆ 10 ಮೈಕ್ರೋಗ್ರಾಂ ಮಿತಿಯವರೆಗೆ ಕೆಡಿಸುತ್ತೆ. 12 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 70ಕ್ಕೂ ಜಾಸ್ತಿ ಟ್ಯಾಂಕರು. ಒಂದೇ ಒಂದು ಲೀಟರ್ ಪೆಟ್ರೋಲ್!

ಮೂಗನ್ನ ಎಷ್ಟು ನಂಬಬಹುದು ಅಂತ ಕೇಳ್ತೀರಾ. ಅರ್ಧ ನಂಬಬಹುದು. ಕ್ಸೈಲೀನ್, ಟಾಲ್ವೀನ್ ಇವು ಮಿತಿಗಿಂತ ತುಂಬ ಕಡಿಮೆ ಇದ್ದಾಗ್ಲೇ ವಾಸನೆ ಕೊಡ್ತವೆ, ಟಾಲ್ವೀನಿನ ಮಿತಿ 700 ಮೈಕ್ರೋಗ್ರಾಂ, ಕ್ಸೈಲೀನಿಂದು 500, ಆದ್ರೆ ಕೆಲವ್ರ ಮೂಗಿಗೆ ಇಪ್ಪತ್ತು ಮೂವತ್ತರಲ್ಲೇ ಸಿಕ್ಕಿಬಿಡುತ್ತೆ. ಬೆಂಜೀನ್ ಹಂಗಲ್ಲ, ಅದು ಮಿತಿಯ ನೂರು ಪಟ್ಟು ದಾಟಿದ್ರೂ ಮೂಗಿಗೆ ಗೊತ್ತಾಗ್ದೇ ಇರಬಹುದು. ಅಂದ್ರೆ ವಾಸನೆ ಬಂದ್ರೆ ಪರೀಕ್ಷೆ ಮಾಡಿಸ್ಲೇಬೇಕು, ವಾಸನೆ ಹೋಯ್ತು ಅಂದ ಮಾತ್ರಕ್ಕೆ ನೀರು ಸರಿಹೋಯ್ತು ಅನ್ನೋ ಹಂಗಿಲ್ಲ. ಇನ್ನು ಟಿಡಿಎಸ್ ಮೀಟರು ಇದಕ್ಕೆ ಕೆಲಸಕ್ಕೇ ಬರಲ್ಲ, ಅದು ಅಳೆಯೋದು ಉಪ್ಪಿನಂಶ. ಪಂಚಾಯ್ತಿಗಳಿಗೆ ಕೊಟ್ಟಿರೋ ಫೀಲ್ಡ್ ಟೆಸ್ಟ್ ಕಿಟ್ಟಲ್ಲೂ ಇದು ಸಿಗಲ್ಲ. ದುರ್ಗದ ಕಡೆಯವ್ರು ಫ್ಲೋರೈಡ್ ಟೆಸ್ಟ್ ಮಾಡ್ಸಿ ಮಾಡ್ಸಿ ನುರಿತವ್ರು, ಆದ್ರೆ ಫ್ಲೋರೈಡಿಗೂ ಇದಕ್ಕೂ ಸ್ಯಾಂಪಲ್ ಹಿಡಿಯೋದ್ರಿಂದ ಹಿಡಿದು ಮಷೀನಿನವರೆಗೆ ಎಲ್ಲಾ ಬೇರೆ.

ದುಡ್ಡು ಖರ್ಚು ಮಾಡೋಕೆ ಮುಂಚೆ ಮನೆಯಲ್ಲೇ ಎರಡು ಮೂರು ವಿಷಯ ನೋಡ್ಕೊಳ್ರಿ. ಇತ್ತೀಚೆಗೆ ಪ್ಲಂಬರ್ ಬಂದು ಪಿವಿಸಿ ಪೈಪ್ ಅಂಟಿಸಿ ಹೋದ್ನಾ? ಆ ಸಾಲ್ವೆಂಟ್ ಸಿಮೆಂಟಿನ ವಾಸನೆ ಕೆಲವು ದಿನ ನೀರಲ್ಲಿ ಬರುತ್ತೆ, ಮೂಗಿಗೆ ಪೆಟ್ರೋಲ್ ತರಾನೇ ಅನ್ಸುತ್ತೆ. ಸಂಪಿಗೆ ಒಳಗಡೆ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದ್ರಾ? ಅದ್ರಲ್ಲಿ ಟಾಲ್ವೀನ್, ಕ್ಸೈಲೀನ್ ಇದ್ರೆ ಅದೇ ನೀರಿಗೆ ಬರುತ್ತೆ, ಬಂಕಿನವ್ರನ್ನ ಬೈದು ಪ್ರಯೋಜನ ಇಲ್ಲ. ಬೋರ್‌ವೆಲ್ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಟ್ಟಿದ್ರೆ ಒಂದು ಕಡ್ಡಿ ತಗೊಂಡು ಅದನ್ನ ಎಳೀರಿ. ಪೊರೆ ಗಾಜಿನ ಚೂರು ಒಡೆದಂಗೆ ತುಂಡುತುಂಡಾಗಿ ಹಂಗೇ ನಿಂತ್ರೆ ಅದು ಹೆಚ್ಚಾಗಿ ಕಬ್ಬಿಣದಂಶ ತಿನ್ನೋ ಬ್ಯಾಕ್ಟೀರಿಯಾದ ಪೊರೆ, ಕಡ್ಡಿ ತೆಗೆದ ತಕ್ಷಣ ಹರ್ಕೊಂಡು ಮತ್ತೆ ಕೂಡ್ಕೊಂಡ್ರೆ ಎಣ್ಣೆ.

ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ, ಇದು ಎಲ್ಲಕ್ಕಿಂತ ಮುಖ್ಯ. ಸಂಪಿನ ಮುಚ್ಚಳ ತೆಗೆದಾಗ ಪೆಟ್ರೋಲ್ ವಾಸನೆ ಗಪ್ಪಂತ ಬಂದ್ರೆ ಯಾರೂ ಒಳಗೆ ಇಳೀಬೇಡ್ರಿ, ಬಗ್ಗಿ ಮೂಸಿ ನೋಡಬೇಡ್ರಿ, ಬೀಡಿ ಸಿಗರೇಟು ಹತ್ರ ತರಬೇಡ್ರಿ, ಮೋಟ್ರು ಸ್ವಿಚ್ ಮುಟ್ಟಬೇಡ್ರಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಸಂಪಿನ ತಳದಲ್ಲಿ ಹೋಗಿ ಕೂರುತ್ತೆ, ಇಳಿದವ್ರಿಗೆ ಉಸಿರು ಸಿಗಲ್ಲ, ಒಂದು ಕಿಡಿ ಸಾಕು ಹತ್ಕೊಳ್ಳೋಕೆ. ಮುಚ್ಚಳ ತೆಗೆದಿಟ್ಟು, ಮಕ್ಕಳು ಆ ಕಡೆ ಹೋಗದಂಗೆ ಅಡ್ಡ ಏನಾದ್ರೂ ಇಟ್ಟು ದೂರ ಬಂದು ಫೈರ್ ಸ್ಟೇಷನ್ನಿಗೆ 101ಕ್ಕೆ ಫೋನ್ ಮಾಡ್ರಿ. ಸ್ಯಾಂಪಲ್ ಆಮೇಲೆ.

ಈಗ ಈ ಎಣ್ಣೆ ನಮ್ಮೂರ ನೀರಿಗೆ ಎಲ್ಲಿಂದ ಬರಬಹುದು ಅನ್ನೋದು. ಇದು ಗೊತ್ತಿದ್ರೆ ಸ್ಯಾಂಪಲ್ ಎಲ್ಲಿ ಹಿಡೀಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ. ದಾವಣಗೆರೆಗೆ ನೀರು ರಾಜನಹಳ್ಳಿ ಹತ್ರ ತುಂಗಭದ್ರಾ ನದಿಯಿಂದ ಬರುತ್ತೆ, ಜೊತೆಗೆ ಭದ್ರಾ ಕಾಲುವೆಯಿಂದ ತುಂಬಿಸೋ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆ. ಚಿತ್ರದುರ್ಗಕ್ಕೆ ಶಾಂತಿಸಾಗರ ಮತ್ತೆ ವಾಣಿವಿಲಾಸ ಸಾಗರದ ನೀರು. ಇವೆಲ್ಲ ಬಯಲಲ್ಲಿ ಬಿಸಿಲು ಗಾಳಿಗೆ ತೆರ್ಕೊಂಡಿರೋ ನೀರು, ಬೆಂಜೀನ್ ಅಂಥ ನೀರಲ್ಲಿ ಬಹಳ ಹೊತ್ತು ನಿಲ್ಲಲ್ಲ, ಹರಿಯೋ ನೀರಲ್ಲಾದ್ರೆ ಗಂಟೆಗಳ, ನಿಂತ ನೀರಲ್ಲಾದ್ರೆ ದಿನಗಳ ಲೆಕ್ಕದಲ್ಲಿ ಆವಿಯಾಗಿ ಹಾರೋಗುತ್ತೆ. ನೀರಿನ ಮೇಲೆ ಮುಚ್ಚಿಗೆ ಇದ್ರೆ ಕಥೆನೇ ಬೇರೆ. ಅಮೆರಿಕದ ಮೊಂಟಾನಾದಲ್ಲಿ ಗ್ಲೆಂಡೈವ್ ಅಂತ ಒಂದು ಸಣ್ಣ ಊರು, 2015ರ ಜನವರಿಯಲ್ಲಿ ಅಲ್ಲಿ ಯೆಲ್ಲೋಸ್ಟೋನ್ ನದಿ ಮೇಲೆಲ್ಲ ಹೆಪ್ಪುಗಟ್ಟಿತ್ತು, ಅಡಿಯಲ್ಲಿ ಪೈಪ್‌ಲೈನ್ ಒಡೆದು ಕಚ್ಚಾತೈಲ ಸೇರ್ತು, ಮೇಲೆ ಮಂಜುಗಡ್ಡೆ ಇದ್ದಿದ್ರಿಂದ ಬೆಂಜೀನ್ ಹಾರೋಕೆ ದಾರಿ ಸಿಗದೇ ಊರಿನ ನಲ್ಲಿಗೇ ಬಂತು. ನಮ್ಮಲ್ಲಿ ಆ ಮಂಜುಗಡ್ಡೆ ಕೆಲಸ ಮಾಡೋದು ನೆಲ. ಮಣ್ಣಿನ ಅಡಿಯಲ್ಲಿ ಗಾಳಿ ಇಲ್ಲ, ಬಿಸಿಲಿಲ್ಲ, ಅಲ್ಲಿ ಸೇರಿದ್ದು ವರ್ಷಗಟ್ಟಲೆ ಕೂತಿರುತ್ತೆ.

ಹಂಗಾಗಿ ನಮ್ಮೂರಲ್ಲಿ ಅನುಮಾನ ಪಡಬೇಕಾದ ಜಾಗ ಮೂರು. ಬಂಕಿನ ಹತ್ರದ ಬೋರ್‌ವೆಲ್ ಒಂದು, ಯಾಕಂದ್ರೆ ಬಂಕಿನ ಟ್ಯಾಂಕು ನೆಲದೊಳಗಿರುತ್ತೆ, ತುಕ್ಕು ಹಿಡಿದು ಸೋರಿದ್ರೆ ಮೇಲಿಂದ ಯಾರಿಗೂ ಕಾಣಲ್ಲ. ಮನೆ ಸಂಪು ಇನ್ನೊಂದು, ಬಿರುಕು ಬಿಟ್ಟ ಗೋಡೆಯಿಂದ ಪಕ್ಕದ ಗ್ಯಾರೇಜಿಂದೋ ಜನರೇಟರ್ ಡೀಸೆಲ್ಲಿಂದೋ ಜಿನುಗಬಹುದು. ಮೂರನೇದು ಬೀದಿ ಪೈಪು, ಇದರ ಬಗ್ಗೆ ಜನ ಯೋಚನೆನೇ ಮಾಡಲ್ಲ. ನಾಲ್ಕು ದಿನಕ್ಕೊಂದ್ಸಲ ನೀರು ಬಿಡೋ ಊರಲ್ಲಿ ಉಳಿದ ಮೂರು ದಿನ ಪೈಪು ಅರ್ಧ ಖಾಲಿ, ಒಳಗೆ ಪ್ರೆಶರ್ ಇರಲ್ಲ, ಜಾಯಿಂಟು ಸಡಿಲ ಇದ್ರೆ ಹೊರಗಿನ ಮಣ್ಣಿನ ನೀರನ್ನ ಪೈಪೇ ಎಳ್ಕೊಳ್ಳುತ್ತೆ. ಅದಲ್ದೇ ಕಪ್ಪು ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಪೈಪಿನ ಒಂದು ಗುಣ ಐತೆ, ಸುತ್ತ ಮಣ್ಣಲ್ಲಿ ಪೆಟ್ರೋಲ್ ಇದ್ರೆ ಪೈಪಲ್ಲಿ ತೂತಿಲ್ದೇ ಇದ್ರೂ ಬೆಂಜೀನ್, ಟಾಲ್ವೀನ್ ಅದರ ಗೋಡೆಯಿಂದಾನೇ ಇಂಗಿ ಒಳಗೆ ಬರ್ತವೆ, ಪೈಪ್ ಒಂದ್ಸಲ ಕುಡೀತು ಅಂದ್ರೆ ಆಮೇಲೆ ಹೊಸ ನೀರಿಗೂ ನಿಧಾನಕ್ಕೆ ಬಿಡ್ತಾನೇ ಇರುತ್ತೆ. ಕಬ್ಬಿಣದ ಪೈಪಿನ ಗೋಡೆಯಲ್ಲಿ ಇಂಗಲ್ಲ, ಅಲ್ಲಿ ರಬ್ಬರ್ ಗ್ಯಾಸ್ಕೆಟ್ ಇರೋ ಜಾಯಿಂಟೇ ವೀಕು.

ಈಗ ಲ್ಯಾಬಿನ ವಿಷಯ. ಫೋನ್ ಮಾಡಿದಾಗ "ನೀರು ಟೆಸ್ಟ್ ಮಾಡ್ಬೇಕು" ಅಂದ್ರೆ ಮಾಮೂಲಿ ಪೊಟೆಬಿಲಿಟಿ ಟೆಸ್ಟೇ, ಅಂದ್ರೆ ಪಿಎಚ್, ಟಿಡಿಎಸ್ ಅಂಥವನ್ನೇ ಮಾಡೋದು. ನೀವು ಕೇಳಬೇಕಾದ್ದು ಹಿಂಗೆ: "ಕುಡಿಯೋ ನೀರಲ್ಲಿ ಬಿಟೆಕ್ಸ್ ನೋಡ್ಬೇಕು, ಪರ್ಜ್ ಅಂಡ್ ಟ್ರ್ಯಾಪ್ ಅಥವಾ ಹೆಡ್‌ಸ್ಪೇಸ್ ಜಿಸಿ-ಎಂಎಸ್‌ನಲ್ಲಿ ಮಾಡ್ತೀರಾ, ಬೆಂಜೀನನ್ನ ನೀವು ಅಳೆಯೋ ಕನಿಷ್ಠ ಮಟ್ಟ ಎಷ್ಟು?" ಜಿಸಿ-ಎಂಎಸ್ ಅಂದ್ರೆ ಆವಿಯಲ್ಲಿರೋ ವಸ್ತುಗಳನ್ನ ಬೇರೆಬೇರೆ ಮಾಡಿ ಗುರುತಿಸಿ ಅಳೆಯೋ ಮಷೀನ್, ಅದರ ಹಿಂದಿನ ಎರಡು ಹೆಸರು ನೀರಿಂದ ಆ ಆವಿ ಹೊರಡಿಸೋ ರೀತಿಗಳು. ಅವರು ಹೇಳೋ ಕನಿಷ್ಠ ಮಟ್ಟ 1 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಮ್ಮಿ ಇದ್ರೆ ಒಳ್ಳೇದು, 5 ದಾಟಿದ್ರೆ ಬೇರೆ ಲ್ಯಾಬ್ ನೋಡ್ರಿ. ಎಂಟಿಬಿಇ ಅನ್ನೋದನ್ನೂ ಅದೇ ಮಷೀನಲ್ಲಿ ನೋಡಬಹುದು, ಕೇಳಿ ಸೇರಿಸ್ಕೊಳ್ರಿ. ಅದು ಪೆಟ್ರೋಲಿನ ಆಕ್ಟೇನ್ ಹೆಚ್ಚಿಸೋಕೆ ಬೆರೆಸೋ ವಸ್ತು, ನೀರಲ್ಲಿ ಚೆನ್ನಾಗಿ ಕರಗುತ್ತೆ, ಮಣ್ಣಿಗೂ ಅಂಟ್ಕೊಳ್ದೇ ಬೆಂಜೀನಿಗಿಂತ ಮುಂದಕ್ಕೆ ಓಡುತ್ತೆ. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಊರು 1996ರಲ್ಲಿ ತನ್ನ ಕುಡಿಯೋ ನೀರಿನ ಬಾವಿಗಳನ್ನ ಮುಚ್ಚಬೇಕಾಗಿ ಬಂದಿದ್ದು ಇದೇ ಎಂಟಿಬಿಇಯಿಂದ.

ಈ ಮಷೀನ್ ಎಲ್ಲಾ ಊರಲ್ಲೂ ಇರಲ್ಲ. ಲ್ಯಾಬುಗಳಿಗೆ ಮಾನ್ಯತೆ ಕೊಡೋ ಎನ್‌ಎಬಿಎಲ್ ವೆಬ್‌ಸೈಟಲ್ಲಿ ಲ್ಯಾಬುಗಳ ಪಟ್ಟಿ ಐತೆ, ಪ್ರತಿ ಲ್ಯಾಬಿಗೂ ಯಾವ್ಯಾವ ಟೆಸ್ಟಿಗೆ ಮಾನ್ಯತೆ ಐತೆ ಅಂತ ತಿಳಿಸೋ ಸ್ಕೋಪ್ ಅನ್ನೋ ಒಂದು ಫೈಲ್ ಇರುತ್ತೆ, ಅದನ್ನ ತೆಗೆದು ನೀರಿನ ವಿಭಾಗದಲ್ಲಿ ಬೆಂಜೀನ್ ಅಂತ ಹೆಸರು ಇದ್ಯಾ ನೋಡ್ರಿ. ಎನ್‌ಎಬಿಎಲ್ ಬೋರ್ಡ್ ಹಾಕಿದ್ರೆ ಸಾಲದು, ಬೆಂಜೀನ್ ಅವರ ಸ್ಕೋಪಲ್ಲಿ ಇರಬೇಕು. ನಮಗೆ ಬೆಂಗಳೂರಲ್ಲಿ ಸಿಕ್ತು. ರೇಟು ಮಾಮೂಲಿ ಟೆಸ್ಟಿಗಿಂತ ಜಾಸ್ತಿನೇ, ಅದಕ್ಕೆ ಓಣಿಯ ನಾಲ್ಕೈದು ಮನೆಯವ್ರು ಸೇರಿ ಹಾಕ್ಕೊಂಡ್ರೆ ಹೊರೆ ಆಗಲ್ಲ, ಎರಡು ಮೂರು ಲ್ಯಾಬಿಗೆ ಫೋನ್ ಮಾಡಿ ವಿಚಾರಿಸ್ರಿ.

ಲ್ಯಾಬ್ ಗೊತ್ತಾದ ಮೇಲೆ ಸ್ಯಾಂಪಲ್ ಬಾಟ್ಲಿ ಅವರಿಂದಾನೇ ತರಿಸ್ಕೊಳ್ರಿ. 40 ಎಂಎಲ್ ಹಿಡಿಯೋ ಸಣ್ಣ ಗಾಜಿನ ಸೀಸೆ, ಕಂದು ಬಣ್ಣದ್ದಾದ್ರೆ ಒಳ್ಳೇದು, ಮುಚ್ಚಳದೊಳಗೆ ಒಂದು ಬಿಲ್ಲೆ ಇರುತ್ತೆ, ಅದರ ಒಂದು ಮುಖ ರಬ್ಬರು, ಇನ್ನೊಂದು ನುಣ್ಣಗಿನ ಟೆಫ್ಲಾನ್. ಟೆಫ್ಲಾನ್ ಮುಖನೇ ನೀರಿಗೆ ತಾಗಬೇಕು. ನಮ್ಮೂರ ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ ಅಂತ ಅವರಿಗೆ ಮೊದ್ಲೇ ಹೇಳ್ರಿ, ಅದನ್ನ ಸುಮ್ಮನಾಗಿಸೋಕೆ ಸೀಸೆಯಲ್ಲಿ ಚೂರು ಆಸ್ಕಾರ್ಬಿಕ್ ಆಸಿಡ್, ಅಂದ್ರೆ ವಿಟಮಿನ್ ಸಿ ಪುಡಿ ಹಾಕಿಕೊಡ್ತಾರೆ. ಬ್ಯಾಕ್ಟೀರಿಯಾ ಬೆಂಜೀನನ್ನ ತಿಂದುಬಿಡಬಾರದು ಅಂತ ಒಂದೆರಡು ಹನಿ ಹೈಡ್ರೋಕ್ಲೋರಿಕ್ ಆಸಿಡ್ಡೂ ಬೇಕು, ಅದನ್ನ ಸ್ಯಾಂಪಲ್ ತುಂಬಿದ ಮೇಲೆ ಹಾಕೋದೋ ಹೇಗೋ ಅಂತ ಲ್ಯಾಬಿನವರೇ ಬರೆದು ಕೊಡ್ತಾರೆ, ಅವರು ಹೇಳಿದಂಗೇ ಮಾಡ್ರಿ. ಬಚ್ಚಲು ತೊಳಿಯೋ ಆಸಿಡ್ ಯಾವ ಕಾರಣಕ್ಕೂ ಬೇಡ.

ಇನ್ನು ಹಿಡಿಯೋ ದಿನ. ನಾನು ಅಕ್ಕನ ಮನೆಗೆ ನಡ್ಕೊಂಡು ಹೋದೆ, ಬೈಕ್ ಬೇಡ ಅಂತ. ಕೈಗೆ ಪೆಟ್ರೋಲ್ ತಾಗಿದ್ರೆ, ಅದೇ ದಿನ ಬಂಕಿಗೆ ಹೋಗಿದ್ರೆ, ಪಕ್ಕದಲ್ಲಿ ಜನರೇಟರ್ ಓಡ್ತಿದ್ರೆ, ನೇಲ್ ಪಾಲಿಷ್ ಹಚ್ಚಿಕೊಂಡಿದ್ರೆ, ಸೆಂಟ್ ಹೊಡ್ಕೊಂಡಿದ್ರೆ, ಅಷ್ಟೇ ಯಾಕೆ, ಸೀಸೆ ಮೇಲೆ ಹೆಸರು ಬರಿಯೋ ಮಾರ್ಕರ್ ಪೆನ್ನಿನ ವಾಸನೆ ಕೂಡ ಸ್ಯಾಂಪಲ್ಲಿಗೆ ಸೇರಬಹುದು, ನಾವು ಹುಡುಕ್ತಿರೋದು ಅಷ್ಟು ಸಣ್ಣ ಪ್ರಮಾಣ. ಲೇಬಲ್ಲಿಗೆ ಬಾಲ್‌ಪೆನ್ ಸಾಕು. ಕೈಗೆ ಪೌಡರ್ ಇಲ್ಲದ ಗ್ಲೌಸು ಹಾಕ್ಕೊಳ್ರಿ.

ನೀರು ಬರೋ ಹೊತ್ತು ಗೊತ್ತಿದ್ರೆ ಅದಕ್ಕೆ ಮುಂಚೆನೇ ರೆಡಿ ಇರಿ. ಸಂಪಿಗೆ ಹೋಗೋ ಮುಂಚೆ ಇರೋ ನಲ್ಲಿ, ಅಂದ್ರೆ ಬೀದಿ ಪೈಪಿಂದ ನೇರ ಬರೋ ನಲ್ಲಿನೇ ಬೇಕು. ಫಿಲ್ಟರ್, ಆರ್‌ಓ ಮೂಲಕ ಬಂದಿದ್ದು ಬೇಡ, ನಲ್ಲಿ ಬಾಯಿಗೆ ಜಾಲರಿ ಇದ್ರೆ ಬಿಚ್ಚಿಬಿಡ್ರಿ, ರಬ್ಬರ್ ಪೈಪ್ ಸಿಕ್ಕಿಸಿದ್ರೆ ತೆಗೀರಿ. ನೀರು ಬಿಟ್ಟ ಹೊಸದರಲ್ಲಿ ಗಾಳಿ ಸೇರ್ಕೊಂಡು ಗೊಳಗೊಳ ಅಂತ ಬರುತ್ತಲ್ಲ, ಆ ಗಾಳಿ ಮುಗಿದು ಧಾರೆ ಒಂದೇ ಸಮ ಆದ ತಕ್ಷಣ ಮೊದಲ ಸ್ಯಾಂಪಲ್. ಇದು ದಿನಗಟ್ಟಲೆ ಪೈಪಲ್ಲಿ ನಿಂತಿದ್ದ ನೀರು. ಆಮೇಲೆ ಹತ್ತು ನಿಮಿಷ ನೀರು ಹರಿಯೋಕೆ ಬಿಡ್ರಿ, ಚೆಲ್ಲೋದು ಬೇಡ, ಬಟ್ಟೆ ಒಗೆಯೋಕೆ, ಗಿಡಕ್ಕೆ ಬಕೆಟ್ ಇಡ್ರಿ. ಹತ್ತು ನಿಮಿಷ ಆದ್ಮೇಲೆ ಅದೇ ನಲ್ಲಿಯಲ್ಲಿ ಎರಡನೇ ಸ್ಯಾಂಪಲ್, ಇದು ಬೀದಿ ಮೇನ್ ಲೈನಿನ ನೀರು. ಮೂರನೇದು ಸಂಪಿಂದ ಮೇಲೇರಿ ಅಡುಗೆಮನೆಗೆ ಬರೋ ನಲ್ಲಿಯಿಂದ. ಮೇನ್ ಲೈನಿನ ಇನ್ನೊಂದು ಬದಿಯ ಒಂದು ಮನೆಯಲ್ಲೂ ಹಿಡಿದ್ರೆ ಚಿತ್ರ ಪೂರ್ತಿ ಆಗುತ್ತೆ. ಬೋರ್‌ವೆಲ್ ಆದ್ರೆ ಮೋಟ್ರು ಆನ್ ಮಾಡಿ ನೀರಿನ ತಣ್ಪು ಒಂದೇ ಸಮ ಆಗೋವರೆಗೆ ಓಡಿಸಿ, ಮೇಲಿನ ಟ್ಯಾಂಕಿಗೆ ಹೋಗೋ ಮುಂಚೆ ಹಿಡೀರಿ.

ತುಂಬೋ ರೀತಿ ಗಮನ ಇಟ್ಟು ಓದ್ರಿ, ಇಲ್ಲಿ ತಪ್ಪಿದ್ರೆ ಉಳಿದಿದ್ದೆಲ್ಲ ವ್ಯರ್ಥ. ನಲ್ಲಿ ಧಾರೆಯನ್ನ ಪೆನ್ಸಿಲ್ ದಪ್ಪಕ್ಕೆ ಇಳಿಸ್ರಿ. ಸೀಸೆಯನ್ನ ಸ್ವಲ್ಪ ಓರೆ ಹಿಡಿದು ನೀರು ಗೋಡೆ ಮೇಲಿಂದ ಜಾರಿ ಇಳಿಯೋ ಹಂಗೆ ಬಿಡ್ರಿ, ಮೇಲಿಂದ ದಬದಬ ಬಿದ್ರೆ ನೊರೆ ಜೊತೆ ಬೆಂಜೀನ್ ಹಾರೋಗುತ್ತೆ. ಕುತ್ತಿಗೆವರೆಗೆ ಬಂದ ಮೇಲೆ ನೆಟ್ಟಗೆ ಹಿಡಿದು ಹನಿಹನಿ ಬಿಡ್ತಾ ಹೋಗ್ರಿ. ಬಾಯಿ ಅಂಚಿಗಿಂತ ಮೇಲೆ ನೀರು ಉಬ್ಬಿ ನಿಲ್ಲುತ್ತೆ ನೋಡ್ರಿ, ದೇವರ ಮನೆ ದೀಪಕ್ಕೆ ಎಣ್ಣೆ ತುಂಬಿದಾಗ ಅಂಚಲ್ಲಿ ಉಬ್ಬಿ ನಿಲ್ಲಲ್ವಾ ಹಂಗೆ, ಅಲ್ಲಿಗೆ ನಿಲ್ಸಿ. ಹೊರಗೆ ಚೆಲ್ಲಿ ಹರಿಯೋಕೆ ಬಿಟ್ರೆ ಒಳಗಿರೋ ಪುಡಿ ತೊಳೆದು ಹೋಗುತ್ತೆ. ಆ ಉಬ್ಬಿನ ಮೇಲೆ ಮುಚ್ಚಳವನ್ನ ಒಂದು ಬದಿಯಿಂದ ಜಾರಿಸಿದಂಗೆ ಇಟ್ಟು ತಿರುಗಿಸ್ರಿ. ಈಗ ಸೀಸೆಯನ್ನ ತಲೆಕೆಳಗು ಮಾಡಿ, ಬೆರಳಿಂದ ಎರಡು ಸಲ ತಟ್ಟಿ, ಬೆಳಕಿಗೆ ಹಿಡೀರಿ. ಸಾಸಿವೆ ಕಾಳಿನಷ್ಟು ಗುಳ್ಳೆ ಮೇಲಕ್ಕೆ ಏರಿದ್ರೂ ಅದನ್ನ ಪಕ್ಕಕ್ಕಿಟ್ಟು ಹೊಸ ಸೀಸೆ ತಗೊಂಡು ಮತ್ತೆ ಹಿಡೀರಿ. ನಾನು ಅವತ್ತು ಎರಡು ಸೀಸೆ ಪಕ್ಕಕ್ಕಿಟ್ಟೆ, ಮೂರನೇದ್ರಲ್ಲಿ ಗುಳ್ಳೆ ಬರ್ಲಿಲ್ಲ. ಅದಕ್ಕೇ ಲೆಕ್ಕಕ್ಕಿಂತ ನಾಲ್ಕೈದು ಸೀಸೆ ಜಾಸ್ತಿ ತರಿಸಿಟ್ಕೊಳ್ರಿ. ಒಂದೊಂದು ಜಾಗಕ್ಕೂ ಎರಡೆರಡು ಸೀಸೆ ತುಂಬ್ರಿ.

ವಾಸನೆ ಪೆಟ್ರೋಲ್ ತರ ಇಲ್ದೇ ಡೀಸೆಲ್, ಸೀಮೆಎಣ್ಣೆ ತರ ಇದ್ರೆ ಬಿಟೆಕ್ಸ್ ಒಂದೇ ಸಾಕಾಗಲ್ಲ, ಅದ್ರಲ್ಲಿ ಬೆಂಜೀನ್ ತುಂಬ ಕಮ್ಮಿ. ಟೋಟಲ್ ಪೆಟ್ರೋಲಿಯಂ ಹೈಡ್ರೋಕಾರ್ಬನ್ ಮತ್ತೆ ಪಿಎಎಚ್ ಅಂತ ಕೇಳ್ರಿ, ಮೊದಲನೇದು ಎಣ್ಣೆಯಂಶದ ಒಟ್ಟು ಮೊತ್ತ, ಎರಡನೇದು ಎಣ್ಣೆಯಲ್ಲಿರೋ ಭಾರದ ವಸ್ತುಗಳ ಒಂದು ಗುಂಪು. ಅದಕ್ಕೆ ಒಂದು ಲೀಟರಿನ ಕಂದು ಗಾಜಿನ ಬಾಟ್ಲಿ ಬೇಕು, ಅದನ್ನ ಸ್ಯಾಂಪಲ್ ನೀರಲ್ಲಿ ಜಾಲಾಡಿ ಚೆಲ್ಲಬೇಡ್ರಿ, ಎಣ್ಣೆ ಗಾಜಿಗೆ ಅಂಟ್ಕೊಂಡು ಲೆಕ್ಕ ತಪ್ಪುತ್ತೆ.

ಲ್ಯಾಬಿನವರು ಖಾಲಿ ಸೀಸೆ ಜೊತೆ ಶುದ್ಧ ನೀರು ತುಂಬಿದ ಸೀಲ್ ಮಾಡಿದ ಒಂದು ಸೀಸೆನೂ ಕೊಟ್ರೆ ಅದನ್ನ ತೆರೀಬೇಡ್ರಿ. ಅದಕ್ಕೆ ಟ್ರಿಪ್ ಬ್ಲ್ಯಾಂಕ್ ಅಂತಾರೆ, ಸ್ಯಾಂಪಲ್ ಜೊತೆಗೇ ಬಂದು ಜೊತೆಗೇ ವಾಪಸ್ ಹೋಗುತ್ತೆ, ಅದ್ರಲ್ಲೂ ಬೆಂಜೀನ್ ಸಿಕ್ರೆ ದಾರಿಯಲ್ಲೇ ಏನೋ ಸೇರಿದೆ ಅಂತ ಅರ್ಥ. ಕೊಡದಿದ್ರೆ ಕೇಳಿ ಪಡೀರಿ. ಎಲ್ಲಾ ಸೀಸೆ ಥರ್ಮೋಕೋಲ್ ಡಬ್ಬದಲ್ಲಿಟ್ಟು ಸುತ್ತ ಐಸ್ ಪ್ಯಾಕ್ ಇಟ್ರೆ 4 ಡಿಗ್ರಿ ಹತ್ರ ಇರುತ್ತೆ, ಫ್ರೀಜರಲ್ಲಿ ಮಾತ್ರ ಇಡಬೇಡ್ರಿ, ಗಾಜು ಒಡೆಯುತ್ತೆ. ಆಸಿಡ್ ಹಾಕಿದ ಸ್ಯಾಂಪಲ್ 14 ದಿನದವರೆಗೆ ನಡೆಯುತ್ತೆ ಅಂತ ನಿಯಮ ಇದ್ರೂ ನಾನು ಮರುದಿನ ಬೆಳಿಗ್ಗೆ ಟ್ರೇನಿಗೆ ಹೋಗಿ ಕೈಯಾರೆ ಕೊಟ್ಟು ಬಂದೆ. ಬೈಕ್ ಪೆಟ್ಟಿಗೆಯಲ್ಲಿ, ಕಾರಿನ ಡಿಕ್ಕಿಯಲ್ಲಿ ಪೆಟ್ರೋಲ್ ಕ್ಯಾನಿನ ಪಕ್ಕ ಇಟ್ಕೊಂಡು ಹೋಗಬೇಡ್ರಿ. ಪ್ರತಿ ಸೀಸೆಗೂ ಜಾಗ, ತಾರೀಖು, ಗಂಟೆ ಬರೀರಿ, ಒಂದು ನೋಟ್‌ಬುಕ್ಕಲ್ಲೂ ಬರೆದು ಫೋಟೋ ತೆಗೆದಿಡ್ರಿ.

ರಿಪೋರ್ಟ್ ಬಂದಾಗ ಮೊದ್ಲು ಯೂನಿಟ್ ನೋಡ್ರಿ. ಮಿಲಿಗ್ರಾಂ ಅಂತ ಇದ್ಯಾ, ಮೈಕ್ರೋಗ್ರಾಂ ಅಂತ ಇದ್ಯಾ? 0.01 ಮಿಲಿಗ್ರಾಂ ಅಂದ್ರೂ 10 ಮೈಕ್ರೋಗ್ರಾಂ ಅಂದ್ರೂ 10 ಪಿಪಿಬಿ ಅಂದ್ರೂ ಒಂದೇ. ಬಿಡಿಎಲ್ ಅಂತ ಬರೆದಿದ್ರೆ ಪತ್ತೆ ಮಟ್ಟಕ್ಕಿಂತ ಕಮ್ಮಿ ಅಂತ, ಆದ್ರೆ ಆ ಮಟ್ಟ ಎಷ್ಟು ಅಂತ ಪಕ್ಕದಲ್ಲಿ ಬರೆದಿರಬೇಕು. ಪತ್ತೆ ಮಟ್ಟನೇ 50 ಇಟ್ಕೊಂಡು ಬಿಡಿಎಲ್ ಅಂದ್ರೆ ನಿಮಗೆ ಏನೂ ಗೊತ್ತಾದಂಗಲ್ಲ. ನಮ್ಮ ದೇಶದ ಕುಡಿಯೋ ನೀರಿನ ಮಾನದಂಡ ಐಎಸ್ 10500, 2012ರದ್ದು, ಅದ್ರಲ್ಲಿ ಮಿನರಲ್ ಆಯಿಲಿಗೆ ಲೀಟರಿಗೆ 0.5 ಮಿಲಿಗ್ರಾಂ ಮಿತಿ ಐತೆ, ಬೆಂಜೀನಿಗೆ ಅಂತ ಬೇರೆ ಸಾಲಿಲ್ಲ. 0.5 ಮಿಲಿಗ್ರಾಂ ಅಂದ್ರೆ 500 ಮೈಕ್ರೋಗ್ರಾಂ, ಬೆಂಜೀನಿನ ಮಿತಿಯ 50 ಪಟ್ಟು. "ಮಿನರಲ್ ಆಯಿಲ್ ಇಲ್ಲ, ಹಂಗಾಗಿ ನೀರು ಸರಿ ಐತೆ" ಅಂತ ಯಾರಾದ್ರೂ ಹೇಳಿದ್ರೆ ಒಪ್ಕೋಬೇಡ್ರಿ. ಕುಡಿಯೋ ನೀರಲ್ಲಿ ಬೆಂಜೀನನ್ನ ಹೆಸರಿಟ್ಟು ನೋಡೋದು ನಮ್ಮಲ್ಲಿ ಮಾಮೂಲಿ ಆಗ್ಬೇಕು ಅಂತ ನನಗೆ ಬಹಳ ಅನ್ಸುತ್ತೆ. ಚೀನಾದ ಲಾನ್‌ಝೌ ಊರಲ್ಲಿ 2014ರ ಏಪ್ರಿಲ್‌ನಲ್ಲಿ ನಲ್ಲಿ ನೀರಲ್ಲಿ 200 ಮೈಕ್ರೋಗ್ರಾಂವರೆಗೆ ಬೆಂಜೀನ್ ಸಿಕ್ಕಾಗ ಅವರ ಮಿತಿ 10 ಅಂತ ಬರೆದಿಟ್ಟಿದ್ರಿಂದ ಊರಿಗೂರೇ ಎಚ್ಚರಿಸೋಕೆ ಆಯ್ತು.

ಅಕ್ಕನ ಮನೆ ರಿಪೋರ್ಟಲ್ಲಿ ಮೊದಲ ಸ್ಯಾಂಪಲ್ಲಲ್ಲಿ ಬೆಂಜೀನ್ ಲೀಟರಿಗೆ 14 ಮೈಕ್ರೋಗ್ರಾಂ, ಟಾಲ್ವೀನ್ ಕ್ಸೈಲೀನ್ ಎರಡೂ ಇದ್ವು. ಹತ್ತು ನಿಮಿಷ ಬಿಟ್ಟು ಹಿಡಿದಿದ್ರಲ್ಲಿ ಏನೂ ಇಲ್ಲ. ಎದುರು ಮನೆಯ ಸ್ಯಾಂಪಲ್ಲಲ್ಲೂ ಇಲ್ಲ. ಸಂಪಿನದ್ರಲ್ಲಿ ಚೂರು. ಅಂದ್ರೆ ಬೀದಿ ಮೇನ್ ಸರಿ ಐತೆ, ಮೇನಿಂದ ಮನೆಗೆ ಬರೋ ಹದಿನೈದು ಅಡಿ ಕಪ್ಪು ಪೈಪಲ್ಲೇ ತೊಂದ್ರೆ. ಅಗೆದು ನೋಡಿದ್ರೆ ಆ ಪೈಪು ಹಾದುಹೋಗಿದ್ದು ಮುಂಚೆ ಬೈಕ್ ರಿಪೇರಿ ಮಾಡ್ತಿದ್ದ ಜಾಗದ ಅಡಿಯಲ್ಲಿ, ಅಲ್ಲಿ ವರ್ಷಗಟ್ಟಲೆ ಎಂಜಿನ್ ಬಿಡಿಭಾಗ ಪೆಟ್ರೋಲಲ್ಲಿ ತೊಳೆದು ನೆಲಕ್ಕೇ ಸುರೀತಿದ್ರಂತೆ. ಗುದ್ದಲಿ ಒಂದೂವರೆ ಅಡಿ ಇಳೀತಿದ್ದಂಗೆ ಮಣ್ಣು ಕಪ್ಪಗೆ ಜಿಗಟಾಗಿ ಬಂತು, ವಾಸನೆಗೆ ತಲೆ ತಿರುಗ್ತು. ಪೈಪಿನ ದಾರಿ ಬದಲಿಸಿ, ಥ್ರೆಡ್ ಜಾಯಿಂಟಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಹಾಕಿಸಿ, ಸಂಪು ಖಾಲಿ ಮಾಡಿ ತೊಳೆಸಿದ್ವಿ. ಒಂದೇ ಸ್ಯಾಂಪಲ್ ಹಿಡಿದಿದ್ರೆ, ಅದೂ ಹತ್ತು ನಿಮಿಷ ಬಿಟ್ಟಿದ್ದನ್ನ ಹಿಡಿದಿದ್ರೆ, ಎಲ್ಲಾ ಸರಿ ಐತೆ ಅಂತ ಬರ್ತಿತ್ತು, ಅಕ್ಕ, ಮಕ್ಕಳು ಅದೇ ನೀರು ಕುಡೀತಿದ್ರು.

ರಿಪೋರ್ಟ್ ಬರೋವರೆಗೆ ಏನು ಮಾಡೋದು? ಆ ನೀರು ಕುಡಿಯೋಕೆ, ಅಡುಗೆಗೆ ಬೇಡ. "ಕುದಿಸಿ ಕುಡೀರಿ" ಅಂತ ಹೇಳೋರು ಸಿಗ್ತಾರೆ, ಬ್ಯಾಕ್ಟೀರಿಯಾಕ್ಕೆ ಅದು ಸರಿ, ಇದಕ್ಕಲ್ಲ. ಬೆಂಜೀನ್ 80 ಡಿಗ್ರಿಗೇ ಕುದಿಯುತ್ತೆ, ನೀರಿಂದ ಹೋಗಿದ್ದು ಅಡುಗೆಮನೆ ಗಾಳಿಗೆ ಸೇರುತ್ತೆ, ಒಲೆ ಮುಂದೆ ನಿಂತಿರೋ ಅಕ್ಕನೋ ಅಮ್ಮನೋ ಅದನ್ನ ಉಸಿರಾಡ್ತಾರೆ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಬಿಸಿನೀರು ಸ್ನಾನಾನೂ ಹಂಗೇ, ಕಿಟಕಿ ತೆಗೆದಿಡ್ರಿ. ಆರ್‌ಓ ಪೊರೆಯನ್ನ ಇದಕ್ಕೆ ನಂಬಬೇಡ್ರಿ, ಸಣ್ಣ ಅಣು, ಸ್ವಲ್ಪ ನುಸುಳುತ್ತೆ. ಹಿಡ್ಕೊಳ್ಳೋದು ಆಕ್ಟಿವೇಟೆಡ್ ಕಾರ್ಬನ್, ಆದ್ರೆ ಮನೆ ಫಿಲ್ಟರಿನ ಕಾರ್ಬನ್ ಯಾವಾಗ ತುಂಬಿಹೋಗುತ್ತೆ ಅಂತ ಹೊರಗಿಂದ ಗೊತ್ತಾಗಲ್ಲ. ಬೇರೆ ಏರಿಯಾದ ನೀರು ತರೋದೇ ಸರಿ.

ಬೀದಿ ಮೇನಲ್ಲೇ ಸಿಕ್ರೆ, ಇಲ್ಲಾ ಬೋರ್‌ವೆಲ್ಲಲ್ಲಿ ಸಿಕ್ರೆ ಅದು ನಿಮ್ಮೊಬ್ರ ಸಮಸ್ಯೆ ಅಲ್ಲ. ಪಾಲಿಕೆ ಅಥವಾ ನಗರಸಭೆಯ ನೀರು ಸರಬರಾಜು ಎಂಜಿನಿಯರಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲೆಯ ಆಫೀಸಿಗೆ, ಡಿಸಿ ಆಫೀಸಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ರಿ. ನಿಮ್ಮ ರಿಪೋರ್ಟ್ ಎಚ್ಚರಿಸೋಕೆ ಸಾಕು, ಕೋರ್ಟಿಗೆ ಹೋಗೋ ಕೇಸಾದ್ರೆ 1974ರ ಜಲ ಕಾಯ್ದೆ ಪ್ರಕಾರ ಮಂಡಳಿಯವರೇ ಬಂದು ಹಿಡಿದ ಸ್ಯಾಂಪಲ್ ಬೇಕಾಗುತ್ತೆ, ಅದಕ್ಕೇ "ನೀವೇ ಬಂದು ಸ್ಯಾಂಪಲ್ ತಗೊಳ್ರಿ" ಅಂತ ಅರ್ಜಿಯಲ್ಲೇ ಬರೀರಿ. ಅವರು ಬಂದಾಗ ಗಾಜಿನ ಸೀಸೆ ತಂದಿದಾರಾ ನೋಡ್ರಿ, ಪ್ಲಾಸ್ಟಿಕ್ ಕ್ಯಾನ್ ತಂದಿದ್ರೆ ಮರ್ಯಾದೆಯಿಂದಾನೇ ಹೇಳ್ರಿ, ನಿಮ್ಮ ಹತ್ರ ಉಳಿದ ಸೀಸೆ ಕೊಡ್ರಿ. ಉತ್ತರ ಬರದಿದ್ರೆ ಆರ್‌ಟಿಐ ಹಾಕ್ರಿ, 30 ದಿನದೊಳಗೆ ಉತ್ತರ ಕೊಡಬೇಕು. 2023ರ ಆಗಸ್ಟಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಿದ್ದನ್ನ ನಾವ್ಯಾರೂ ಮರೆತಿಲ್ಲ. ಅಲ್ಲಿ ವಾಂತಿಭೇದಿ ಆಗಿದ್ರಿಂದ ಕೂಡ್ಲೇ ಗೊತ್ತಾಯ್ತು. ಬೆಂಜೀನ್ ಹಂಗೆ ಕೂಡ್ಲೇ ತೋರಿಸ್ಕೊಳ್ಳಲ್ಲ.

ಇನ್ನೊಂದು, ಒಂದ್ಸಲ ಸರಿ ಬಂತು ಅಂತ ಬಿಡಬೇಡ್ರಿ. ಮಳೆಗಾಲದಲ್ಲಿ ಅಂತರ್ಜಲ ಏರಿದಾಗ ಮಣ್ಣಲ್ಲಿ ಅಂಟ್ಕೊಂಡಿದ್ದು ನೀರಿಗೆ ಇಳಿಯುತ್ತೆ, ಬೇಸಿಗೆಯಲ್ಲಿ ನೀರು ಕಮ್ಮಿಯಾದಾಗ ಬೇರೆ ಲೆಕ್ಕ ಬರಬಹುದು. ನಾವು ಹೊಸ ಪೈಪ್ ಹಾಕಿದ ಮೂರು ವಾರಕ್ಕೆ ಒಂದ್ಸಲ ಹಿಡಿದ್ವಿ, ಸಂಪಲ್ಲೂ ಮೊದಲ ಧಾರೆಯಲ್ಲೂ ಏನೂ ಬರ್ಲಿಲ್ಲ. ಆಮೇಲೆ ಈ ಮೇ ತಿಂಗಳಲ್ಲಿ ಮತ್ತೆ ಹಿಡಿದ್ವಿ, ಆಗ್ಲೂ ಇಲ್ಲ. ಅಕ್ಕ ಈಗ ಅದೇ ನಲ್ಲಿಯಿಂದ ಕೊಡ ತುಂಬ್ತಾಳೆ. ಮಳೆ ಚೆನ್ನಾಗಿ ಹಿಡಿದ ಮೇಲೆ ಸೆಪ್ಟೆಂಬರಲ್ಲಿ ಇನ್ನೊಂದ್ಸಲ ಹಿಡಿಯೋದಿದೆ, ಆರು ಸೀಸೆ ಈಗ್ಲೇ ತರಿಸಿಟ್ಟಿದೀನಿ.